ಗಾಜಿನ ತೊಟ್ಟಿಯ ಪುಂಡ ಮೀನು: ಇಟ್ಟುಕೊಳ್ಳುವುದೇ, ಬಿಡುವುದೇ?



ಈ ಅಂಕಣದಲ್ಲಿ ಎತ್ತು, ಎಮ್ಮೆ, ಕಬ್ಬು, ದ್ರಾಕ್ಷಿ, ಅರಿಸಿನ ಇವುಗಳ ಮಾತೇ ಹೆಚ್ಚು. ಈ ಸಲ ಬಣ್ಣದ ಮೀನಿನ ವಿಷಯ ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳ ಎಷ್ಟೋ ಮನೆತನಗಳ ಮಕ್ಕಳು ಇಂದು ಸಾಂಗಲಿ-ಮಿರಜಗಳ ನಡುವಿನ ವಿಶ್ರಾಮಬಾಗದಲ್ಲಿ ಮನೆ ಮಾಡಿದ್ದಾರೆ. ವಿಲಿಂಗ್ಡನ್ ಕಾಲೇಜು, ವಾಲಚಂದ ಇಂಜಿನಿಯರಿಂಗ್ ಕಾಲೇಜು ಇರುವ ಜಾಗ ಅದು. ಓದಲು ಹೋದವರು ನೌಕರಿ ಹಿಡಿದು ಅಲ್ಲಿಯೇ ನಿಂತರು. ಹೊಲ ಹಳ್ಳಿಯಲ್ಲಿ, ಮಕ್ಕಳು ಪಟ್ಟಣದಲ್ಲಿ. ದನ ಕಟ್ಟಲು ಅಂಗಳವಿಲ್ಲದ ಮನೆಯಲ್ಲಿ ಮೊಮ್ಮಕ್ಕಳು ಸಾಕಲು ಒಂದು ಜೀವ ಬೇಕೆಂದು ಹಟ ಹಿಡಿದಾಗ ಗಾಜಿನ ತೊಟ್ಟಿ ಬರುತ್ತದೆ. ಮೊದಲು ಸಿಹಿನೀರಿನ ಮೀನು, ಕೈ ಪಳಗಿದ ಮೇಲೆ ಉಪ್ಪುನೀರಿನ ಮೀನು, ಕಲ್ಲು ಜೋಡಿಸಿ ಕಟ್ಟಿದ ಸಮುದ್ರದ ದಿಬ್ಬ.

ಅಂಥ ಮನೆಗಳಲ್ಲಿ ಇಂದಲ್ಲ ನಾಳೆ ಏಳುವ ಪ್ರಶ್ನೆ ಒಂದೇ. ತೊಟ್ಟಿಯಲ್ಲಿ ಆರೇಳು ಮೀನುಗಳಿವೆ. ಅವುಗಳಲ್ಲಿ ಒಂದು ಉಳಿದವನ್ನೆಲ್ಲ ಬೆನ್ನಟ್ಟುತ್ತದೆ, ರೆಕ್ಕೆ ಕಚ್ಚುತ್ತದೆ, ಮೇವು ಹಾಕಿದರೆ ಯಾರನ್ನೂ ಹತ್ತಿರ ಬರಗೊಡುವುದಿಲ್ಲ. ಅದನ್ನು ಇಟ್ಟುಕೊಳ್ಳಬೇಕೇ, ತೆಗೆಯಬೇಕೇ? ತೆಗೆದರೆ ಎಲ್ಲಿಗೆ ಕಳಿಸಬೇಕು? ಇದು ಪಟ್ಟಣದವರ ಚಟದ ಮಾತು ಎಂದು ರೈತ ಬಂಧುಗಳು ಪುಟ ಮಗುಚಬಾರದು. ಹೊಲದ ಹೊಂಡದಲ್ಲಿ ಮೀನು ಬಿಟ್ಟಿರುವವರ ಮುಂದೆಯೂ ಇದೇ ಪ್ರಶ್ನೆ ಇದೆ. ಇದರ ಉತ್ತರ ಕೃಷ್ಣಾ ಹೊಳೆಯವರೆಗೂ ಹೋಗುತ್ತದೆ.

ಮೀನು ಕೆಟ್ಟದ್ದಲ್ಲ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಮಾತು ನಮ್ಮಲ್ಲಿದೆ. ಮನುಷ್ಯರ ಮಟ್ಟಿಗೆ ಈ ಗಾದೆಯನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಮೀನಿನ ಮಟ್ಟಿಗೆ ಮಾತ್ರ ಇದು ನಿಜ.

ಉಪ್ಪುನೀರಿನ ತೊಟ್ಟಿ ಕಟ್ಟುವವರು ಸಾಮಾನ್ಯವಾಗಿ ಮೊದಲು ತರುವುದು ಡ್ಯಾಮ್ಸೆಲ್ ಜಾತಿಯ ಮೀನು. ಬೆಲೆ ಕಡಿಮೆ, ಬಣ್ಣ ಚೆಂದ, ಬೇಗ ಸಾಯುವುದಿಲ್ಲ. ಅವುಗಳಲ್ಲಿ ಡೊಮಿನೊ ಎಂಬುದೊಂದುಂಟು. ಕಪ್ಪು ಮೈ, ಹಣೆಯ ಮೇಲೊಂದು, ಎರಡು ಬದಿಗೆ ಒಂದೊಂದು ಬಿಳಿ ಚುಕ್ಕೆ. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿರುತ್ತದೆ. ಬೆಳೆದಾಗ ಸುಮಾರು 14 ಸೆಂಟಿಮೀಟರ್ ಆಗುತ್ತದೆ, ಮೊದಲು ಬಂದ ತನಗೇ ತೊಟ್ಟಿಯೆಲ್ಲ ಸೇರಿದ್ದು ಎಂದು ನಡೆದುಕೊಳ್ಳುತ್ತದೆ. ಆಮೇಲೆ ಬಂದ ಮೀನಿಗೆ ಅಲ್ಲಿ ನೆಲೆಯಿಲ್ಲ.

ಇದೇ ಮನೆತನಕ್ಕೆ ಸೇರಿದ ಕೆಲವು ಮೀನುಗಳು ಸಮುದ್ರದಲ್ಲಿ ನಿಜವಾಗಿಯೂ ಬೇಸಾಯ ಮಾಡುತ್ತವೆ ಎಂದರೆ ವಾಚಕರು ನಂಬಲಿಕ್ಕಿಲ್ಲ. ಹವಳದ ದಿಬ್ಬದ ಮೇಲೆ ಒಂದು ತುಂಡು ಜಾಗ ಹಿಡಿದು, ತಮಗೆ ಬೇಕಾದ ಪಾಚಿಯನ್ನು ಬೆಳೆಸಿ, ಬೇಡವಾದ ಪಾಚಿಯನ್ನು ಬಾಯಿಂದ ಕಿತ್ತು ಆಚೆ ಒಯ್ದು ಉಗುಳಿ, ಮೇಯಲು ಬಂದ ದೊಡ್ಡ ಮೀನುಗಳನ್ನೂ ಎದುರಿಸಿ ಓಡಿಸುತ್ತವೆ. ಮುಳುಗುವವರ ಕೈಗೂ ಕಚ್ಚಲು ಬರುತ್ತವೆ. ಹಾಲು ತುಂಬಿದ ಜೋಳದ ತೆನೆಗೆ ಹಕ್ಕಿ ಎರಗಿದಾಗ ಕವಣೆ ಹಿಡಿದು ಅಟ್ಟದ ಮೇಲೆ ನಿಲ್ಲುವ ರೈತನನ್ನು ನಾವು ಪುಂಡ ಎನ್ನುತ್ತೇವೆಯೇ? ಸಮುದ್ರದಲ್ಲಿ ಹೊಟ್ಟೆ ಹೊರೆಯುವ ಗುಣವೇ ಮೂರಡಿ ಗಾಜಿನೊಳಗೆ ಕಿರುಕುಳವಾಗುತ್ತದೆ. ಸಮುದ್ರದಲ್ಲಿ ಓಡಿಸಿಕೊಂಡ ಮೀನಿಗೆ ಓಡಲು ಜಾಗವಿದೆ. ತೊಟ್ಟಿಯಲ್ಲಿ ಓಡಿದರೆ ಗಾಜು ತಾಗುತ್ತದೆ.

ಟ್ರಿಗರ್ ಮೀನಿನದೂ ಹೀಗೆಯೇ. ಅದರ ಹಲ್ಲು ಏಡಿ, ಶಂಖದ ಹುಳು, ಮುಳ್ಳುಚೆಂಡಿನಂಥ ಕಡಲ ಪ್ರಾಣಿಗಳನ್ನು ಒಡೆದು ತಿನ್ನಲೆಂದೇ ಇರುವುದು. ಮುಳ್ಳುಚೆಂಡುಗಳು ಮಿತಿಮೀರಿ ಹೆಚ್ಚಿದರೆ ಹವಳದ ದಿಬ್ಬವನ್ನೇ ಕೊರೆದು ಹಾಳುಮಾಡುತ್ತವೆ. ಅವನ್ನು ಅಂಕೆಯಲ್ಲಿಡುವ ಟ್ರಿಗರ್ ಅಲ್ಲಿ ಉಪಕಾರಿ. ನಿಮ್ಮ ತೊಟ್ಟಿಯಲ್ಲಿ ಅದೇ ಮೀನು ದುಡ್ಡು ಕೊಟ್ಟು ತಂದ ಸಿಗಡಿಯನ್ನು ರಾತ್ರಿ ಬೆಳಗಾಗುವುದರಲ್ಲಿ ಮುಗಿಸಿದರೆ ಬೈಯುವುದು ಯಾರನ್ನು? ತಂದವರು ಮೊದಲೇ ಕೇಳಿ ತಿಳಿಯಬೇಕಿತ್ತು.

ಮೊದಲು ತೊಟ್ಟಿಯನ್ನು ನೋಡಿರಿ

ಆದ್ದರಿಂದ ಮೀನಿನ ಮೇಲೆ ತೀರ್ಪು ಕೊಡುವ ಮೊದಲು ಅದು ಇರುವ ಜಾಗವನ್ನು ನೋಡಬೇಕು ಎಂಬುದು ನಮ್ಮ ಮೊದಲ ಮಾತು. ಕೋಳಿ ಸಾಕುವವರಿಗೆ ಇದು ಹೊಸದಲ್ಲ. ಕೋಳಿಗಳು ಒಂದನ್ನೊಂದು ಕುಕ್ಕಿ ಗರಿ ಕೀಳತೊಡಗಿದರೆ ಜಾಣ ಹೆಂಗಸು ಮೊದಲು ಗೂಡಿನ ಇಕ್ಕಟ್ಟು, ಸೆಕೆ, ಮೇವಿನ ಕೊರತೆಗಳನ್ನು ನೋಡುತ್ತಾಳೆ. ಕುಕ್ಕುವ ಕೋಳಿಯನ್ನು ಹಿಡಿಯುವುದು ಆಮೇಲೆ.

ಮೀನಿನ ತೊಟ್ಟಿಯಲ್ಲೂ ಅದೇ ಕ್ರಮ. ಎರಡು ಮೂರು ದಿನ ಸುಮ್ಮನೆ ಕುಳಿತು ನೋಡಿರಿ. ಮೇವು ಹಾಕುವಾಗ ಒಮ್ಮೆ, ದೀಪ ಆರಿಸುವ ಹೊತ್ತಿನಲ್ಲಿ ಒಮ್ಮೆ. ಯಾರು ಯಾರನ್ನು ಅಟ್ಟುತ್ತಾರೆ, ಒಂದೇ ಮೂಲೆಯಲ್ಲೋ ಎಲ್ಲ ಕಡೆಯೋ, ಕಚ್ಚಿದ ಗಾಯ ಇದೆಯೋ ಬರೀ ಬೆದರಿಕೆಯೋ ಎಂಬುದನ್ನು ಗಮನಿಸಿರಿ. ಎಲ್ಲ ಜಗಳವೂ ಪುಂಡಾಟವಲ್ಲ. ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳನ್ನೇ ನೋಡಿರಿ. ಅವುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೊತೆಗಿದ್ದ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಎರಡು ಸಣ್ಣ ಕ್ಲೌನ್ ಮೀನುಗಳನ್ನು ಜೊತೆಗೆ ಬಿಟ್ಟಾಗ ಯಾರು ದೊಡ್ಡವರೆಂದು ತೀರ್ಮಾನವಾಗುವ ತನಕ ತಳ್ಳಾಟ ಇದ್ದದ್ದೇ. ಸೋತದ್ದು ಮೈ ನಡುಗಿಸಿ ಶರಣಾಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಒಂದನ್ನು ತೆಗೆದರೆ ಕೂಡಿ ಬರುತ್ತಿದ್ದ ಜೋಡಿಯನ್ನು ಮುರಿದಂತಾಗುತ್ತದೆ.

ಇನ್ನು ನೀರು. ಸಾಂಗಲಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಸಮುದ್ರದ ಮೀನಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಕರೆಂಟು ಹೋಗಿ ಪಂಪು ನಿಂತರೆ ಕಷ್ಟ ಇಮ್ಮಡಿ. ಉಸಿರು ಕಟ್ಟಿದಲ್ಲಿ ಮೀನುಗಳಿಗೂ ಸಹನೆ ಕಡಿಮೆ. ಉಪ್ಪಿನ ಪ್ರಮಾಣ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಆವಿಯಾಗಿ ಹೋದ ನೀರಿನ ಬದಲಿಗೆ ಸಿಹಿನೀರು ತುಂಬದೆ ಬಿಟ್ಟರೆ ಉಪ್ಪು ಏರುತ್ತಲೇ ಹೋಗುತ್ತದೆ.

ಇಷ್ಟು ನೋಡಿದ ಮೇಲೆ ಮಾಡಬಹುದಾದ ಕೆಲಸಗಳಿವೆ. ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿಯಲ್ಲಿ ಜೋಡಿಸಿರಿ. ಗಡಿ ಅಳಿಸಿ ಹೋದಾಗ ಹಳೆಯ ಒಡೆತನವೂ ಅಳಿಯುತ್ತದೆ, ಎಲ್ಲ ಮೀನುಗಳೂ ಹೊಸದಾಗಿ ಬಂದವರಂತಾಗುತ್ತವೆ. ಅಡಗಲು ಮೀನಿಗೊಂದರಂತೆ ಬಿಲ ಇರಲಿ. ಮೇವನ್ನು ಒಂದೇ ಕಡೆ ಹಾಕದೆ ಎರಡು ತುದಿಗೆ, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಿರಿ. ಅಷ್ಟಕ್ಕೂ ಬಗ್ಗದಿದ್ದರೆ ಪುಂಡನನ್ನು ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದೇ ತೊಟ್ಟಿಯೊಳಗೆ ಒಂದೆರಡು ವಾರ ಇಡಿರಿ. ಉಳಿದವು ಹೊರಗೆ ನೆಮ್ಮದಿಯಿಂದ ತಿಂದು ಜಾಗ ಹಿಡಿಯಲಿ. ಬಿಡುಗಡೆಯಾದ ಮೇಲೆ ಅದು ಹೊಸಬನಂತೆ ಬರುತ್ತದೆ. ಎಷ್ಟೋ ಜಗಳಗಳು ಇಲ್ಲಿಗೇ ಮುಗಿಯುತ್ತವೆ.

ಯಾವಾಗ ತೆಗೆಯಬೇಕು?

ಇಷ್ಟು ಮಾಡಿಯೂ ಒಂದು ಮೀನು ಮೇವಿಗೆ ಬರದೆ ಮೂಲೆ ಸೇರಿದ್ದರೆ, ರೆಕ್ಕೆ ಹರಿದು ಬಿಳಿಯಾಗುತ್ತಿದ್ದರೆ, ಒಂದೊಂದಾಗಿ ಸಾಯುತ್ತಿದ್ದರೆ ಇನ್ನು ಕಾಯಬಾರದು. ಒಂದನ್ನು ಉಳಿಸಿಕೊಳ್ಳುವ ಮೋಹದಿಂದ ಐದನ್ನು ಸಾಯಿಸುವುದು ದಯೆಯಲ್ಲ. ಹಾಗೆಯೇ ಚಿಟ್ಟೆ ಮೀನುಗಳಲ್ಲಿ ಎಷ್ಟೋ ಜಾತಿಗಳು ಹವಳದ ಜೀವವನ್ನೇ ತಿನ್ನುವಂಥವು. ಅವುಗಳಿಗೆ ಶಿಕ್ಷೆ ಕೊಟ್ಟು ಬುದ್ಧಿ ಕಲಿಸುವ ಮಾತೇ ಇಲ್ಲ. ತಿನ್ನುವುದನ್ನು ಬಿಟ್ಟರೆ ಸಾಯುತ್ತವೆ.

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ, ಅಂದರೆ ಹುಲಿಯ ಸಾಲಿಗೆ. ಕಡಲ ಕುದುರೆಯೂ ಅದೇ ವರ್ಷ ಆ ಪಟ್ಟಿಗೆ ಬಂತು. ಇವನ್ನು ಹಿಡಿಯುವುದು, ಮಾರುವುದು ಅಪರಾಧ. ಘಟ್ಟ ಇಳಿದರೆ ನಮಗೆ ಸಮೀಪದ ಹವಳದ ದಿಬ್ಬಗಳಿರುವುದು ಮಾಲವಣದಲ್ಲಿ. 1987ರಿಂದ ಅದು ಕಡಲ ಅಭಯಾರಣ್ಯ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅಲ್ಲಿಂದ ಮುರಿದು ತಂದ ಹವಳ ನಮ್ಮ ಮನೆಯ ಚೆಂದಕ್ಕೆ ಬೇಡ. ಸಿಮೆಂಟು, ಸುಟ್ಟ ಮಣ್ಣುಗಳಿಂದ ಮಾಡಿದ ಕಲ್ಲುಗಳೇ ಸಾಕು, ಮೀನಿಗೆ ಬೇಕಾದದ್ದು ಅಡಗುವ ಬಿಲ. ಕ್ಲೌನ್, ಡ್ಯಾಮ್ಸೆಲ್ ಮುಂತಾದವುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ್ದಾರೆ. ಕೊಳ್ಳುವಾಗ ಅಂಥ ಮರಿಗಳನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ತೆಗೆಯುವುದು ಎಂದು ಗೊತ್ತಾದ ಮೇಲೆ ಎಲ್ಲಿಗೆ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಬಲೆ ಹಾಕಿರಿ. ತಂದ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಬಹುದು. ದುಡ್ಡು ಬರದಿದ್ದರೂ ಕೊಟ್ಟು ಬಿಡುವುದು ಲೇಸು. ದೊಡ್ಡ ತೊಟ್ಟಿ ಇರುವ ಇನ್ನೊಬ್ಬ ಹವ್ಯಾಸಿಗೆ ಕೊಡಬಹುದು, ಆದರೆ ಅದರ ಚಾಳಿಯನ್ನು ಮುಚ್ಚಿಡದೆ ಹೇಳಿ ಕೊಡಬೇಕು. ಹಾಯುವ ಆಕಳನ್ನು ಸಾಧುವೆಂದು ಹೇಳಿ ಸಂತೆಯಲ್ಲಿ ಮಾರುವವನಿಗೆ ನಾವು ಏನೆನ್ನುತ್ತೇವೆ? ಮೀನಿನ ವ್ಯಾಪಾರದಲ್ಲೂ ನ್ಯಾಯ ಅದೇ. ಮೂರನೆಯ ದಾರಿ, ಅದಕ್ಕೇ ಒಂದು ಪ್ರತ್ಯೇಕ ತೊಟ್ಟಿ. ಖರ್ಚು ಉಂಟು, ಆದರೆ ತಂದವರದೇ ಹೊಣೆ.

ಯಾರೂ ತೆಗೆದುಕೊಳ್ಳದ, ವಾಸಿಯಾಗದ ರೋಗದಿಂದ ನರಳುವ ಮೀನನ್ನು ಕೊನೆಗಾಣಿಸಬೇಕಾಗಿ ಬಂದರೆ ನೋವಿಲ್ಲದೆ ಮಾಡಿರಿ. ಲವಂಗದ ಎಣ್ಣೆಯನ್ನು ಸಣ್ಣ ಶೀಶೆಯಲ್ಲಿ ನೀರಿನೊಡನೆ ಚೆನ್ನಾಗಿ ಕುಲುಕಿ, ಮೀನಿರುವ ಪಾತ್ರೆಗೆ ಲೀಟರಿಗೆ ಅರ್ಧ ಮಿಲಿಲೀಟರ್ ಲೆಕ್ಕದಲ್ಲಿ ಸೇರಿಸಿದರೆ ಅದು ನಿದ್ರೆಗೆ ಜಾರುತ್ತದೆ. ಕಿವಿರು ಆಡುವುದು ನಿಂತ ಮೇಲೂ ಅರ್ಧ ಗಂಟೆ ಹಾಗೆಯೇ ಬಿಡಬೇಕು. ಜೀವಂತ ಮೀನನ್ನು ಸಂಡಾಸಿಗೆ ಸುರಿದು ನೀರು ಬಿಡುವುದು, ಬಿಸಿಲಿಗೆ ಎಸೆಯುವುದು ಕ್ರೌರ್ಯ. ಮಕ್ಕಳ ಮುಂದಂತೂ ಬೇಡವೇ ಬೇಡ.

ಹೊಳೆಗೆ ಬಿಡುವುದು ಪುಣ್ಯವೇ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜನರಲ್ಲಿ ಒಂದು ನಂಬಿಕೆ ಬೇರೂರಿದೆ. ಕೊಲ್ಲುವುದು ಬೇಡ, ಇಟ್ಟುಕೊಳ್ಳುವುದೂ ಬೇಡ, ಹೊಳೆಗೆ ಬಿಟ್ಟರೆ ಅದರ ಪಾಡಿಗೆ ಅದು ಬದುಕುತ್ತದೆ, ಪುಣ್ಯವೂ ಬರುತ್ತದೆ ಎಂದು. ಮನಸ್ಸು ಒಳ್ಳೆಯದೇ. ಆದರೆ ಕೆಲಸ ಒಳ್ಳೆಯದಲ್ಲ ಎಂದು ನಾವು ಖಂಡಿತವಾಗಿ ಹೇಳುತ್ತೇವೆ.

ಉಪ್ಪುನೀರಿನ ಮೀನನ್ನು ಕೃಷ್ಣೆಗೆ ಬಿಟ್ಟರೆ ಅದು ಸಿಹಿನೀರಿನಲ್ಲಿ ಒದ್ದಾಡಿ ಸಾಯುತ್ತದೆ. ಸಮುದ್ರಕ್ಕೇ ಒಯ್ದು ಬಿಟ್ಟರೆ ಸರಿಯೇ? ಅದಕ್ಕೂ ಉತ್ತರ ಸಿಕ್ಕಿದೆ. ನಮ್ಮ ಕಡೆಯ ಸಾಗರಗಳ ಮುಳ್ಳು ರೆಕ್ಕೆಯ ಲಯನ್ ಮೀನನ್ನು ಅಮೆರಿಕದ ಫ್ಲೋರಿಡಾದಲ್ಲಿ ತೊಟ್ಟಿಗಳಲ್ಲಿ ಸಾಕುತ್ತಿದ್ದರು. ಜೊತೆಯ ಮೀನುಗಳನ್ನು ನುಂಗುವ ಮೀನು ಅದು. ಸಾಕಿದವರು ಬೇಸರಗೊಂಡು ಕಡಲಿಗೆ ಬಿಟ್ಟಿದ್ದರಿಂದಲೇ ಅಲ್ಲಿ ಅದು ನೆಲೆಯೂರಿತೆಂದು ಬಲ್ಲವರ ಅಭಿಪ್ರಾಯ. 1985ರಲ್ಲಿ ಅಲ್ಲಿನ ಕಡಲಲ್ಲಿ ಮೊದಲು ಕಂಡ ಆ ಮೀನು ಇಂದು ಕೆರಿಬಿಯನ್ ಸಮುದ್ರದ ದಿಬ್ಬಗಳನ್ನೆಲ್ಲ ಆವರಿಸಿ ಅಲ್ಲಿನ ಮರಿಮೀನುಗಳನ್ನು ತಿಂದು ತೇಗುತ್ತಿದೆ. ಅಲ್ಲಿ ಅದನ್ನು ತಿನ್ನುವ ವೈರಿಗಳು ತೀರ ಕಡಿಮೆ. ಮೀನುಗಾರರಿಗೆ ಅದರ ಮುಳ್ಳಿನ ವಿಷ ಬೇರೆ.

ಸಿಹಿನೀರಿನ ಮೀನಿನ ಅಪಾಯ ನಮಗೆ ಇನ್ನೂ ಹತ್ತಿರ. ತೊಟ್ಟಿಯ ಪಾಚಿ ತಿನ್ನಲೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ತರುವಾಗ ಎರಡು ಇಂಚು, ಬೆಳೆದರೆ ಒಂದು ಅಡಿಗೂ ಮೀರುತ್ತದೆ. ಮೈಯೆಲ್ಲ ಗಟ್ಟಿ ಹಲ್ಲೆ, ಚೂಪು ಮುಳ್ಳು. ತೊಟ್ಟಿ ಸಾಲದಾದಾಗ ಕೆರೆಗೆ ಸುರಿದವರ ದಯೆಯಿಂದ ಅದು ಈಗ ಕೋಲ್ಕತ್ತದ ಪೂರ್ವದ ಜೌಗು ಭೂಮಿಗಳಲ್ಲಿ, ಆಂಧ್ರ-ತೆಲಂಗಾಣಗಳ ಕೆರೆಗಳಲ್ಲಿ ತುಂಬಿಕೊಂಡಿದೆ. ಬಲೆ ಹರಿಯುತ್ತದೆ, ದಂಡೆಯಲ್ಲಿ ಬಿಲ ತೋಡುತ್ತದೆ, ನೀರಿನಿಂದ ತೆಗೆದು ಹಾಕಿದರೂ ಗಂಟೆಗಟ್ಟಲೆ ಸಾಯುವುದಿಲ್ಲ, ಪೇಟೆಯಲ್ಲಿ ಕೊಳ್ಳುವವರಿಲ್ಲ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಸಿಕ್ಕ ಮೊಸಳೆ ಮೂತಿಯ ಅಮೆರಿಕದ ಮೀನು ತಾನಾಗಿಯೇ ಈಜಿ ಬಂದದ್ದಲ್ಲ.

ಸಾಂಗಲಿಯಲ್ಲಿ ಹೊಳೆಗೆ ಬಿದ್ದದ್ದು ಸಾಂಗಲಿಯಲ್ಲಿ ಉಳಿಯುವುದಿಲ್ಲ. ಹರಿಪುರದಲ್ಲಿ ವಾರಣೆ, ನರಸೋಬವಾಡಿಯಲ್ಲಿ ಪಂಚಗಂಗೆ ಕೂಡಿಕೊಂಡು ಕೃಷ್ಣೆ ಗಡಿ ದಾಟುತ್ತಾಳೆ. ಚಿಕ್ಕೋಡಿ ಸೀಮೆಯ ಯಡೂರು, ರಾಯಬಾಗ ಸೀಮೆಯ ಕುಡಚಿ, ಆಚೆ ಜಮಖಂಡಿ, ಆಲಮಟ್ಟಿ. ಆ ನೀರಿನಲ್ಲಿ ಬಲೆ ಹಾಕಿ ದಿನ ದೂಡುವ ಮನೆಗಳಿವೆ. ವಿಶ್ರಾಮಬಾಗದ ಒಂದು ಮನೆಯ ಬೇಡದ ಮೀನು ಕುಡಚಿಯ ಇನ್ನೊಂದು ಮನೆಯ ಹರಿದ ಬಲೆಯಾಗಬಾರದು. ಕಾಣದ ನೆರೆಯವನೂ ನೆರೆಯವನೇ.

ನಮ್ಮ ಹೊಂಡಗಳ ಪುಂಡರು

ರೈತ ಬಂಧುಗಳೇ, ಇನ್ನು ನಮ್ಮ ಹೊಲಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ 2016ರಿಂದ ಬೇಡಿದವರಿಗೆ ಶೇತತಳೆ ಎಂಬ ಯೋಜನೆ, ಕರ್ನಾಟಕದಲ್ಲಿ 2014ರಿಂದ ಕೃಷಿ ಭಾಗ್ಯದ ಹೊಂಡ. ಇವುಗಳಿಂದಾಗಿ ಒಣ ಸೀಮೆಯಲ್ಲೂ ನೀರು ಕಂಡಿತು, ನೀರು ಕಂಡಲ್ಲಿ ಮೀನು ಬಂತು. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟವರು ವರ್ಷದ ಕೊನೆಗೆ ಬಲೆ ಎಳೆದಾಗ ಲೆಕ್ಕ ತಪ್ಪುವುದುಂಟು. ಬಿಟ್ಟ ಸಾವಿರದಲ್ಲಿ ನೂರೂ ಉಳಿದಿಲ್ಲ. ಕಳ್ಳ ಎಲ್ಲಿಯವನೋ ಎಂದು ಹುಡುಕಿದರೆ ಹೊಂಡದೊಳಗೇ ಇರುತ್ತಾನೆ.

ಮರಲ ಮೀನು ನಮ್ಮದೇ ನಾಡಿನದು, ಆದರೆ ಮರಿಗಳನ್ನು ನುಂಗುತ್ತದೆ. ಹಾಗೆಂದು ಅದನ್ನು ಶತ್ರು ಎನ್ನಬೇಡಿರಿ. ಪೇಟೆಯಲ್ಲಿ ಅದರ ಬೆಲೆ ರೋಹುವಿಗಿಂತ ಹೆಚ್ಚು. ಬೇರೆ ಹೊಂಡದಲ್ಲಿ ಅದನ್ನೇ ಸಾಕಬಹುದು. ಮರಿ ಹೆಚ್ಚಾಗಿ ಹೊಂಡ ತುಂಬಿಸುವ ತಿಲಾಪಿಯಾವನ್ನು ಅಂಕೆಯಲ್ಲಿಡಲು ಮರಲವನ್ನೇ ಬಿಡುವ ಪದ್ಧತಿಯೂ ಇದೆ. ಒಂದು ಹೊಂಡದ ಕಳ್ಳ ಇನ್ನೊಂದು ಹೊಂಡದ ಕಾವಲುಗಾರ.

ತಿಲಾಪಿಯಾದ ಕಥೆಯೂ ಕೇಳುವಂಥದು. 1952ರಲ್ಲಿ ಬಡವರ ಆಹಾರವಾಗಲೆಂದು ಆಫ್ರಿಕಾ ಮೂಲದ ಈ ಮೀನನ್ನು ನಮ್ಮ ದೇಶಕ್ಕೆ ತಂದರು. ತಾಯಿ ಮೊಟ್ಟೆ-ಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಉಳಿಯುವುದು ಹೆಚ್ಚು, ವರ್ಷಕ್ಕೆ ಹಲವು ಸಲ ಮರಿ. ಕೆಲವೇ ವರ್ಷಗಳಲ್ಲಿ, 1959ರಲ್ಲಿ, ಇದನ್ನು ಇನ್ನು ಹಬ್ಬಿಸಬಾರದೆಂಬ ತೀರ್ಮಾನ ಬಂತು. ಅಷ್ಟರಲ್ಲಿ ಅದು ಕೆರೆ ಸೇರಿತ್ತು. ಇಂದು ಕೃಷ್ಣಾ-ಭೀಮೆಗಳಲ್ಲಿ ಬಲೆಗೆ ಬೀಳುವುದರಲ್ಲಿ ಅದರ ಪಾಲು ದೊಡ್ಡದು. ಬಿಟ್ಟ ಮೀನನ್ನು ಕಾಗದದ ಮೇಲಿನ ಆದೇಶದಿಂದ ಹಿಂದಕ್ಕೆ ಕರೆಯಲಾಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ಪರಿಣಾಮ ಆಫ್ರಿಕದ ಮಾಗುರ ಮೀನಿನದು. ಸತ್ತದ್ದು, ಕೊಳೆತದ್ದು, ಬದುಕಿದ್ದು ಏನನ್ನೂ ಬಿಡುವುದಿಲ್ಲ. ಗಾಳಿಯನ್ನೇ ಉಸಿರಾಡಬಲ್ಲದು, ಮಳೆಗಾಲದ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೆ ಸೇರಬಲ್ಲದು. ಕೇಂದ್ರ ಸರಕಾರ 1997ರಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇರುವ ದಾಸ್ತಾನನ್ನೂ ನಾಶಮಾಡಲು ಹೇಳಿತು. ಆದರೂ ಕಸಾಯಿಖಾನೆಯ ಕಸ ಹಾಕಿ ಕದ್ದು ಬೆಳೆಸುವವರಿದ್ದಾರೆ. ದೇಶಿ ಮಾಗುರವೆಂದು ಹೇಳಿ ಮರಿ ಮಾರುವುದೂ ಉಂಟು. ಬೇಗ ಬೆಳೆಯುತ್ತದೆ, ಹಣ ಬರುತ್ತದೆ ಎಂಬುದು ನಿಜ. ಆದರೂ ಇದರ ವಿಷಯದಲ್ಲಿ ಇಡಬೇಕೇ ಬೇಡವೇ ಎಂಬ ಚರ್ಚೆಗೇ ಜಾಗವಿಲ್ಲ. ತರಲೇಬಾರದು. ಮರಿಗಳನ್ನು ಸರಕಾರಿ ಮತ್ಸ್ಯಬೀಜ ಕೇಂದ್ರದಿಂದಲೇ ತನ್ನಿರಿ.

ಹೊಂಡದಲ್ಲಿ ಕಳ್ಳ ಮೀನು ಸೇರಿದ್ದರೆ ಬೇಸಿಗೆಯಲ್ಲಿ ಪೂರ್ತಿ ಬತ್ತಿಸುವುದು ಉತ್ತಮ ಉಪಾಯ. ಅದು ಆಗದಿದ್ದಲ್ಲಿ ಹಿಪ್ಪೆ ಹಿಂಡಿ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,500 ಕಿಲೋ, ಅಂದರೆ ಹತ್ತು ಗುಂಟೆಯ ಹೊಂಡಕ್ಕೆ ಸುಮಾರು 250 ಕಿಲೋ. ನೀರಿನ ಆಳ ಹೆಚ್ಚಿದಂತೆ ಹಿಂಡಿಯೂ ಹೆಚ್ಚಬೇಕು. ಅದರ ನಂಜು ಇಳಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ದನಕರುಗಳಿಗೆ ಆ ನೀರು ಕುಡಿಸಬಾರದು, ಹಳ್ಳಕ್ಕೂ ಬಿಡಬಾರದು. ಆಮೇಲೆ ಅದು ಗೊಬ್ಬರವಾಗಿ ಕೆಲಸ ಮಾಡುತ್ತದೆ. ಮರಿ ಬಿಡುವಾಗ ನಾಲ್ಕು ಇಂಚಿನವನ್ನು ಬಿಟ್ಟರೆ ಸಣ್ಣ ಪುಟ್ಟ ಕಳ್ಳರ ಬಾಯಿಗೆ ಸಿಗುವುದಿಲ್ಲ. ನೀರು ತುಂಬುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿರಿ.

ನನ್ನ ಹೊಂಡ, ನನ್ನ ಮೀನು, ಕೇಳಲು ಬೇರೆಯವರಾರು ಎನ್ನುವವರಿಗೆ ಒಂದು ಮಾತು. 2005ರಲ್ಲಿ, 2019ರಲ್ಲಿ, 2021ರಲ್ಲಿ ಕೃಷ್ಣೆ ಏರಿ ಬಂದದ್ದನ್ನು ಮರೆತವರಿಲ್ಲ. ಸಾಂಗಲಿಯ ಆಯರ್ವಿನ್ ಪುಲಿನ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. ಅಂಥ ದಿನ ಹೊಂಡದ ಬದು ಯಾವುದು, ಹೊಳೆ ಯಾವುದು? ನಾವು ಬಿಡದಿದ್ದರೂ ಹೊಳೆಯೇ ಬಂದು ಕರೆದೊಯ್ಯುತ್ತದೆ. ಹೊಳೆಸಾಲಿನ ಹೊಲದಲ್ಲಿ ಹೊಂಡ ಮಾಡಿದವರು ಹೊಳೆಗೆ ಹೋದರೂ ಕೇಡಾಗದ ಮೀನನ್ನಷ್ಟೇ ಸಾಕಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ವಿಮೋಚನಾಕಾಂಡದಲ್ಲಿ ಹಾಯುವ ಎತ್ತಿನ ನಿಯಮವೊಂದಿದೆ. ಎಂದೂ ಹಾಯದ ಎತ್ತು ಅಕಸ್ಮಾತ್ತಾಗಿ ಹಾಯ್ದು ಕೊಂದರೆ ಒಡೆಯನಿಗೆ ದೋಷವಿಲ್ಲ. ಹಾಯುವ ಚಾಳಿ ಇದೆಯೆಂದು ತಿಳಿದೂ ಕಟ್ಟದೆ ಬಿಟ್ಟಿದ್ದರೆ ಹೊಣೆ ಒಡೆಯನದೇ. ರೈತರಿಗಾಗಿ ಹೇಳಿದ ಆ ನ್ಯಾಯ ಮೀನಿಗೂ ಸಲ್ಲುತ್ತದೆ.

ಆರೋಗ್ಯದ ಕೆಲವು ಮಾತು

ತೊಟ್ಟಿ ಇಟ್ಟವರು ಕೈಯಲ್ಲಿ ಗಾಯ, ಕೆತ್ತು ಇದ್ದಾಗ ಕೈಗವಸಿಲ್ಲದೆ ನೀರಿಗೆ ಕೈ ಹಾಕಬಾರದು. ಮೀನಿನ ನೀರಿನಲ್ಲಿರುವ ಒಂದು ಬಗೆಯ ರೋಗಾಣು, ಕ್ಷಯದ ರೋಗಾಣುವಿನ ಬಳಗದ್ದು, ಗಾಯದ ಮೂಲಕ ಒಳಹೊಕ್ಕು ಕೆಲವು ವಾರಗಳ ಮೇಲೆ ಬೆರಳು ಅಥವಾ ಮುಂಗೈ ಮೇಲೆ ಗಂಟಾಗಿ ಏಳುತ್ತದೆ. ತಾನಾಗಿ ಮಾಯುವುದಿಲ್ಲ, ತಿಂಗಳುಗಟ್ಟಲೆ ಔಷಧ ಬೇಕಾಗಬಹುದು. ಡಾಕ್ಟರರ ಬಳಿ ಹೋದಾಗ ಮನೆಯಲ್ಲಿ ಮೀನು ಸಾಕಿದ್ದೇವೆ ಎಂದು ಹೇಳಲು ಮರೆಯಬೇಡಿರಿ. ಆ ಒಂದು ಮಾತಿನಿಂದ ರೋಗ ಬೇಗ ಗೊತ್ತಾಗುತ್ತದೆ. ಪೈಪಿನಿಂದ ನೀರು ತೆಗೆಯುವಾಗ ಬಾಯಿಂದ ಎಳೆಯಬಾರದು. ಮಕ್ಕಳು ತೊಟ್ಟಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಲಿ. ಕೈ ಹಾಕುವ ಮುನ್ನ ಹೀಟರು, ಪಂಪಿನ ಸ್ವಿಚ್ಚು ಆರಿಸಿರಿ.

ಬದಲಿಸಿದ ಉಪ್ಪುನೀರನ್ನು ಹಿತ್ತಲಿನ ಗಿಡಕ್ಕೆ ಸುರಿಯಬೇಡಿರಿ. 200 ಲೀಟರಿನ ತೊಟ್ಟಿಯಿಂದ 40 ಲೀಟರು ತೆಗೆದರೆ ಅದರಲ್ಲಿ ಸುಮಾರು 1,400 ಗ್ರಾಂ ಉಪ್ಪು ಇರುತ್ತದೆ. ಅತಿಯಾಗಿ ನೀರು ಹಾಯಿಸಿ ಸವಳಾದ ಕಬ್ಬಿನ ಹೊಲಗಳನ್ನು ಕೃಷ್ಣಾ ತೀರದಲ್ಲಿ ಕಂಡ ನಮಗೆ ಉಪ್ಪು ನೆಲಕ್ಕೆ ಏನು ಮಾಡುತ್ತದೆಂದು ಬೇರೆ ಹೇಳಬೇಕಿಲ್ಲ. ಮೀನು ಹೋದ ಮೇಲೆ ಖಾಲಿ ತೊಟ್ಟಿಯನ್ನು ಅಂಗಳದಲ್ಲಿ ಬಾಯಿ ಮೇಲಾಗಿ ಇಡಬೇಡಿರಿ. ಮಳೆನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ಬೋರಲು ಹಾಕಿಡಿರಿ.

ನಮ್ಮ ಅಭಿಪ್ರಾಯ

ಕೊಳ್ಳುವ ಮೊದಲೇ ಕೇಳಿದರೆ ಮುಕ್ಕಾಲು ಪಾಲು ತೊಂದರೆ ಇರುವುದಿಲ್ಲ. ಈ ಮೀನು ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಬಾಳುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂಬ ನಾಲ್ಕೇ ಪ್ರಶ್ನೆ. ಚೆನ್ನಾಗಿ ನೋಡಿಕೊಂಡ ಕ್ಲೌನ್ ಮೀನು ತೊಟ್ಟಿಯಲ್ಲಿ 20 ವರ್ಷಕ್ಕೂ ಮೇಲೆ ಬದುಕಿದ್ದುಂಟು. ಎಂಟು ವರ್ಷದ ಹುಡುಗನ ಹಟಕ್ಕೆ ತಂದ ಮೀನು ಅವನ ಮದುವೆಯ ಹೊತ್ತಿಗೂ ಇರಬಹುದು. ಹೋರಿ ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಕೊಳ್ಳುವ ಅಪ್ಪ, ಮಗನ ಮನೆಗೆ ಮೀನು ಬರುವಾಗಲೂ ಬಾಯಿ ಬಿಟ್ಟು ನಾಲ್ಕು ಮಾತು ಕೇಳಬೇಕು. ಡ್ಯಾಮ್ಸೆಲ್ಲಿನಂಥ ಜಗಳಗಂಟ ಮೀನು ಬೇಕೇ ಬೇಕೆಂದಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ತರಲಿ.

ತಂದಾಗಿದೆ ಎಂದಾದರೆ ಮೊದಲು ಜಾಗ ಸರಿಪಡಿಸಿರಿ, ಆಮೇಲೆ ಕೆಲವು ದಿನ ಬೇರ್ಪಡಿಸಿರಿ, ಅದಕ್ಕೂ ಬಗ್ಗದಿದ್ದರೆ ತಕ್ಕ ಕೈಗೆ ಒಪ್ಪಿಸಿರಿ. ಇಡುವುದೋ ತೆಗೆಯುವುದೋ ಎಂಬುದು ಮನೆಯವರು ಕೂತು ತೀರ್ಮಾನಿಸುವ ವಿಷಯ, ಅದರಲ್ಲಿ ಮಕ್ಕಳ ಮಾತಿಗೂ ಬೆಲೆ ಇರಲಿ. ಹೊಳೆಗೆ ಬಿಡುವುದು ಮಾತ್ರ ಯಾವ ಮನೆಯೂ ತನ್ನಷ್ಟಕ್ಕೆ ತೀರ್ಮಾನಿಸುವ ವಿಷಯವಲ್ಲ. ಆ ನೀರನ್ನು ನಮ್ಮ ಕೆಳಗಿನ ಊರುಗಳವರೂ ಕುಡಿಯುತ್ತಾರೆ, ಅದರಲ್ಲಿ ಬಲೆ ಹಾಕುತ್ತಾರೆ, ಅದನ್ನೇ ಹೊಲಕ್ಕೆ ಹಾಯಿಸುತ್ತಾರೆ.